ತೊನ್ನಿಗೆ ಲೈಟ್ ಕೊಡಿಸಿದವರು ಯಾರಾದ್ರೂ ಇದ್ದೀರೇನ್ರಿ?

ಸಿಂಧನೂರಿನಿಂದ ಒಬ್ಬ ತಾಯಿ:
ಮಗಳಿಗೆ 11 ವರ್ಷ. ಮೊಣಕಾಲು, ಕಣ್ಣಿನ ರೆಪ್ಪೆ, ಕೈಬೆರಳ ತುದಿಯಲ್ಲಿ ತೊನ್ನು ಕಾಣಿಸಿ ಎರಡು ವರ್ಷ ಆಯ್ತು. ರಾಯಚೂರಿನ ಚರ್ಮದ ಡಾಕ್ಟರು ವಾರಕ್ಕೆ ಎರಡು ಸಲ ಲೈಟ್ ಕೊಡಿಸ್ರಿ ಅಂದಾರ. ನಮ್ಮತ್ತೆ ಮಾತ್ರ "ಅದು ಕರೆಂಟ್ ಕೊಡೋದು, ಕ್ಯಾನ್ಸರ್ ಆದೋರಿಗೆ ಕೊಡ್ತಾರ, ಹೆಣ್ಣುಕೂಸಿಗೆ ಬ್ಯಾಡ" ಅಂತ ಕಣ್ಣೀರು ಹಾಕ್ತಾರ. ಮಾಡಿಸಿಕೊಂಡವರು ಹೇಳ್ರಿ.

ಸಿರುಗುಪ್ಪದಿಂದ, ಶಾಲೆ ಟೀಚರ್:
ಅಕ್ಕಾ, ನಾನು ಬಳ್ಳಾರಿಯಲ್ಲಿ ಹದಿನಾಲ್ಕು ತಿಂಗಳು ತಗೊಂಡೀನಿ. ಕುತ್ತಿಗೆ, ಮುಖ, ಬೆರಳು, ಮೂರೂ ಕಡೆ ಇತ್ತು. ನಿಂತುಕೊಳ್ಳುವಷ್ಟು ಅಗಲದ ಕಪಾಟಿನಂಥ ಪೆಟ್ಟಿಗೆ, ಒಳಗೆ ಸುತ್ತಲೂ ಆಳೆತ್ತರದ ಟ್ಯೂಬ್‌ಲೈಟು, ತಲೆ ಮೇಲೊಂದು ಫ್ಯಾನು. ಕಪ್ಪು ಕನ್ನಡಕ ಕೊಟ್ಟು ಬಾಗಿಲು ಹಾಕ್ತಾರ. ನೀಲಿ ಬೆಳಕು ಹತ್ತಿ, ಮೈ ಬೆಚ್ಚಗಾಯ್ತು ಅನ್ನೋದರೊಳಗ ಆರಿತು. ಮೊದಲ ದಿನ ಒಂದು ನಿಮಿಷವೂ ಆಗಲಿಲ್ಲ. ಸೂಜಿ ಇಲ್ಲ, ನೋವಿಲ್ಲ. ಆಮೇಲೆ ಸಲಸಲಕ್ಕೂ ಸ್ವಲ್ಪ ಸ್ವಲ್ಪ ಸಮಯ ಏರಿಸುತ್ತಾ ಹೋದರು.

ಎರಡು ತಿಂಗಳು ಏನೂ ಕಾಣಲಿಲ್ಲ, ಬಿಟ್ಟುಬಿಡೋಣ ಅನಿಸಿತ್ತು. ಮೂರನೇ ತಿಂಗಳಲ್ಲಿ ಕುತ್ತಿಗೆಯ ಬಿಳಿ ಜಾಗದ ನಡುವೆ ಎಳ್ಳು ಚೆಲ್ಲಿದಂಗ ಕಂದು ಚುಕ್ಕಿ. ಕನ್ನಡಿ ಮುಂದೆ ನಿಂತು ಎಣಿಸಿದ್ದೆ: ಒಂಬತ್ತು. ಬಣ್ಣದ ಕಣಗಳು ಕೂದಲ ಬುಡದಿಂದ ಮೇಲೆ ಬರ್ತಾವ, ಅದಕ್ಕೇ ಚುಕ್ಕಿ ಚುಕ್ಕಿಯಾಗಿ ಶುರುವಾಗ್ತದ ಅಂತ ಡಾಕ್ಟರು ಹೇಳಿದ್ದರು. ಮುಖ, ಕುತ್ತಿಗೆ ಬಹುಪಾಲು ತುಂಬಿದವು. ಬೆರಳ ತುದಿಯಲ್ಲಿ ಕೂದಲೇ ಇಲ್ಲವಲ್ಲ, ಅಲ್ಲಿ ಇವತ್ತಿಗೂ ಬಿಳಿಯೇ. ನಿಮ್ಮ ಮಗಳಿಗೂ ಬೆರಳಿನದು ತಡ ಆಗಬಹುದು, ಆಗದೇ ಇರಲೂಬಹುದು. ಇದನ್ನ ಮೊದಲೇ ಕೂಸಿಗೆ ತಿಳಿಸಿ ಹೇಳ್ರಿ, ಆಮೇಲೆ ಮನಸ್ಸು ಮುರೀಬಾರದು.

ಒಂದು ತಪ್ಪೂ ಆಗಿತ್ತು. ಪರೀಕ್ಷೆ ಕೆಲಸ ಅಂತ ಮೂರು ವಾರ ತಪ್ಪಿಸಿದೆ. ವಾಪಸ್ ಹೋದಾಗ ಮಷೀನಿನ ಹುಡುಗ ಏನೂ ಕೇಳದೆ ಹಳೇ ಲೆಕ್ಕದಷ್ಟೇ ಕೊಟ್ಟ, ನಾನೂ ಬಾಯಿ ಬಿಡಲಿಲ್ಲ. ಸಂಜೆಗೆ ಕುತ್ತಿಗೆ ಕೆಂಡದಂಗ ಉರಿ, ಮರುದಿನ ಗುಳ್ಳೆ. ತಪ್ಪಿದರೆ ಕಡಿಮೆಯಿಂದ ಮತ್ತೆ ಏರಿಸಬೇಕು. ಎಷ್ಟು ದಿನ ತಪ್ಪಿತು, ಹೋದ ಸಲ ಎಷ್ಟು ಹೊತ್ತು ಕೆಂಪಿತ್ತು ಅನ್ನೋದನ್ನ ನೀವೇ ಒಂದು ಪುಸ್ತಕದಲ್ಲಿ ಬರೆದಿಟ್ಟು ತೋರಿಸ್ರಿ. ತುಸು ಗುಲಾಬಿ ಬಣ್ಣ ಬಂದು ಒಂದು ದಿನದಲ್ಲಿ ಹೋದರೆ ಸರಿ. ಉರಿ ಬಂದರೆ ಮುಂದಿನ ಸಲಕ್ಕೆ ಮೊದಲು ಡಾಕ್ಟರಿಗೆ ತೋರಿಸಲೇಬೇಕು.

ಮಾನವಿಯಿಂದ:
ಬಾವಂಚಿ ಬೀಜದ ಎಣ್ಣೆ ಹಚ್ಚಿ ಬಿಸಿಲಿಗೆ ಕೂಡಿಸ್ರಿ ಅಂತ ಯಾರಾದರೂ ಹೇಳೇ ಹೇಳ್ತಾರ. ದಯವಿಟ್ಟು ನಿಮ್ಮಷ್ಟಕ್ಕೆ ನೀವು ಮಾಡಬ್ಯಾಡ್ರಿ. ನಮ್ಮ ತಮ್ಮನ ಕಾಲಿಗೆ ಏಪ್ರಿಲ್ ಬಿಸಿಲಲ್ಲಿ ನೀರ್ಗುಳ್ಳೆ ಎದ್ದು ಹದಿನೈದು ದಿನ ಚಪ್ಪಲಿ ಮೆಟ್ಟಲಾಗಲಿಲ್ಲ. ಬಾವಂಚಿಯಲ್ಲಿ ಸೊರಾಲೆನ್ ಅನ್ನೋ ಅಂಶ ಐತಿ, ಅದು ಚರ್ಮಕ್ಕೆ ಬಿಸಿಲನ್ನ ಹತ್ತು ಪಟ್ಟು ಮಾಡಿದಂಗ.

ಬಳ್ಳಾರಿಯಿಂದ, ನಿವೃತ್ತ ಎಕ್ಸ್‌ರೇ ಟೆಕ್ನಿಷಿಯನ್:
ತಂಗೀ, ನಿಮ್ಮತ್ತೆಯವರ ಭಯಕ್ಕೆ ಬುಡವಿಲ್ಲ ಅನ್ನಬ್ಯಾಡ. ಅವರು ಕರೆಂಟ್ ಅನ್ನೋದು ಕ್ಯಾನ್ಸರಿಗೆ ಕೊಡೋ ಎಕ್ಸ್‌ರೇಯಂಥ ವಿಕಿರಣಕ್ಕೆ. ಒಂದು ಕಾಲಕ್ಕೆ ಮಕ್ಕಳ ತಲೆಯ ಹುಳುಕಡ್ಡಿಗೆ ಎಕ್ಸ್‌ರೇ ಕೊಟ್ಟು ಕೂದಲು ಉದುರಿಸುತ್ತಿದ್ದರು. 1950ರ ದಶಕದ ಕೊನೆಗೆ ಗ್ರಿಸಿಯೋಫಲ್ವಿನ್ ಮಾತ್ರೆ ಬಂದ ಮೇಲೆ ಅದು ಕ್ರಮೇಣ ನಿಂತಿತು. ಆ ಮಕ್ಕಳಲ್ಲಿ ಮುಂದೆ ಥೈರಾಯ್ಡ್, ಮಿದುಳಿನ ಗಡ್ಡೆಗಳು ಹೆಚ್ಚಾಗಿ ಕಂಡವು. ಚರ್ಮಕ್ಕೆಂದೇ ಮೆದು ಎಕ್ಸ್‌ರೇ ಕೂಡ ಬಂದಿತ್ತು. 1923ರಲ್ಲಿ ಜರ್ಮನಿಯ ಗುಸ್ಟಾವ್ ಬಕಿ ಬಳಕೆಗೆ ತಂದ ಗ್ರೆನ್ಜ್ ಕಿರಣ. ಅದರಲ್ಲಿ ಸುಮಾರು ಅರ್ಧದಷ್ಟು ಚರ್ಮದ ಮೇಲಿನ ಅರ್ಧ ಮಿಲಿಮೀಟರಿನಲ್ಲೇ ನಿಂತುಬಿಡುತ್ತದೆ.

ನಿಮ್ಮ ಮಗಳಿಗೆ ಹೇಳಿರೋದು ಇವೆರಡೂ ಅಲ್ಲ. ತೊನ್ನಿಗೆ ಈಗ ಸಾಮಾನ್ಯವಾಗಿ ಕೊಡೋದು 311 ನ್ಯಾನೋಮೀಟರ್ ಆಸುಪಾಸಿನ ತರಂಗದ ಯುವಿಬಿ ಅನ್ನೋ ನೇರಳಾತೀತ ಬೆಳಕು. ಬಿಸಿಲಲ್ಲಿ ಇರೋದರದೇ ಒಂದು ಸಣ್ಣ ಪಟ್ಟಿ. ಚರ್ಮ ದಾಟಿ ಒಳಗಿನ ಅಂಗಕ್ಕೆ ಹೋಗೋದಿಲ್ಲ. ಗರ್ಭಿಣಿಯರಿಗೂ ಡಾಕ್ಟರು ಕೊಡ್ತಾರ. ಸೊರಾಲೆನ್ ಮಾತ್ರೆ ನುಂಗಿ ಯುವಿಎ ಅನ್ನೋ ಇನ್ನೊಂದು ನೇರಳಾತೀತ ಬೆಳಕು ತಗೊಳ್ಳುವ ಪುವಾ ಬೇರೆ. ಅದನ್ನು ವರ್ಷಗಟ್ಟಲೆ ತಗೊಂಡ ಬಿಳಿ ಚರ್ಮದವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಿತ್ತು. ಹಂಗಾಗಿ ಚೀಟಿಯಲ್ಲಿ ಯಾವುದು ಬರೆದಾರ ಅಂತ ಒಮ್ಮೆ ಕೇಳಿ ಖಾತ್ರಿ ಮಾಡಿಕೋ. ರೆಪ್ಪೆ ಮೇಲೆ ತೊನ್ನು ಐತಿ ಅಂದಿ. ಕನ್ನಡಕ ಹಾಕಿದರೆ ಆ ಜಾಗಕ್ಕೆ ಬೆಳಕು ಬೀಳೋದಿಲ್ಲ. ಕೆಲವರಿಗೆ ಕಣ್ಣು ಗಟ್ಟಿ ಮುಚ್ಚಿಸಿ ಕೊಡ್ತಾರ, ಆದರೆ ಅದು ಡಾಕ್ಟರು ಹೇಳಿದರೆ ಮಾತ್ರ. ಕೂಸು ನಡುವೆ ಕಣ್ಣು ಬಿಡಬಾರದು.

ಸಿಂಧನೂರಿನ ತಾಯಿ:
ಕೈ ಮುಗೀತೀನ್ರಿ ಎಲ್ಲರಿಗೂ. ಸೋಮವಾರ ಅತ್ತೆಯವರನ್ನೂ ಕರಕೊಂಡು ಹೊಂಟೀನಿ. ಪೆಟ್ಟಿಗೆ ಒಳಗೆ ಏನೈತಿ ಅಂತ ಅವರಿಗೆ ತೋರಿಸ್ತಾರೇನ್ರಿ?

ನಿವೃತ್ತ ಟೆಕ್ನಿಷಿಯನ್:
ಲೈಟ್ ಹಾಕೋ ಮೊದಲು ಬಾಗಿಲು ತೆಗೆದು ತೋರಿಸ್ರಿ ಅಂತ ಕೇಳು, ಇಲ್ಲ ಅನ್ನೋದಿಲ್ಲ. ಹತ್ತಿದ ಮೇಲೆ ಅಜ್ಜಿ ಇಣುಕಬಾರದು, ಇಣುಕೋದಾದರೆ ಅವರಿಗೂ ಒಂದು ಕನ್ನಡಕ ಕೇಳಿ ಹಾಕಿಸು.