80 ಸೆಂಟಿಮೀಟರ್ ಬೊಂಬೆ 20 ಮೀಟರ್ ರಾಕ್ಷಸನ ಹಾಗೆ ಕಾಣುತ್ತಿಲ್ಲ, ಸಹಾಯ ಬೇಕು

ಮೊದಲ_ಸಿನಿಮಾ:
ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಗೆಳೆಯರು ಸೇರಿ 12 ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ಬೆಟ್ಟದ ಹಿಂದಿನಿಂದ ಒಂದು ದೈತ್ಯ ಪ್ರಾಣಿ ಎದ್ದು ಊರೊಳಗೆ ನಡೆದು ಬರುತ್ತದೆ, ಎತ್ತರ 20 ಮೀಟರ್. ತಂತಿಯ ಹಂದರಕ್ಕೆ ಸ್ಪಂಜು ಸುತ್ತಿ, ಮೇಲೆ ಲೇಟೆಕ್ಸ್ ಬಳಿದು 80 ಸೆಂಟಿಮೀಟರ್ ಬೊಂಬೆ ಮಾಡಿದ್ದೇವೆ. ಮೂರು ತಿಂಗಳು ಹಿಡಿಯಿತು. ಬೆನ್ನಿನ ಒಂದೊಂದು ಚಿಪ್ಪನ್ನೂ ಕೈಯಲ್ಲೇ ಕತ್ತರಿಸಿ ಅಂಟಿಸಿದ್ದು. ಎದುರಿಗೆ ನಿಂತು ನೋಡಿದರೆ ನಿಜಕ್ಕೂ ಭಯ ಆಗುತ್ತದೆ, ಆದರೆ ಶೂಟ್ ಮಾಡಿ ನೋಡಿದರೆ ಮೇಜಿನ ಮೇಲೆ ಯಾರೋ ಆಟಿಕೆ ಕುಣಿಸುತ್ತಿರುವ ಹಾಗಿದೆ. ಫೋನಿನಲ್ಲಿ ಸೆಕೆಂಡಿಗೆ 24 ಫ್ರೇಮ್, ಟ್ರೈಪಾಡ್, ಮನೆಯೊಳಗೆ ಎರಡು ಎಲ್‌ಇಡಿ ದೀಪ. ಕ್ಯಾಮೆರಾ ಬೊಂಬೆಯ ಎದೆ ಮಟ್ಟಕ್ಕೆ, ಸುಮಾರು 60 ಸೆಂಟಿಮೀಟರ್. ಚರ್ಮಕ್ಕೆ ಇನ್ನಷ್ಟು ಕೆಲಸ ಮಾಡಬೇಕಾ? ಇಲ್ಲ ದೊಡ್ಡ ಬೊಂಬೆಯನ್ನೇ ಮಾಡಬೇಕಾ?

ಮಿನಿಯೇಚರ್_ಹುಚ್ಚು:
ಬೊಂಬೆ ಮುಟ್ಟಬೇಡಿ, ಅದು ಸರಿಯಾಗೇ ಇದೆ. ತಪ್ಪಿರುವುದು ವೇಗ ಮತ್ತು ಕ್ಯಾಮೆರಾ ಇಟ್ಟ ಜಾಗ.

ಮೊದಲು ವೇಗ. 10 ಮೀಟರ್ ಎತ್ತರದಿಂದ ಒಂದು ಕಲ್ಲು ನೆಲಕ್ಕೆ ಬೀಳಲು ಸುಮಾರು 1.4 ಸೆಕೆಂಡ್ ಬೇಕು. ನಿಮ್ಮ ಅಳತೆ 1/25, ಹಾಗಾಗಿ ಆ 10 ಮೀಟರ್ ನಿಮ್ಮ ಸೆಟ್ಟಿನಲ್ಲಿ 40 ಸೆಂಟಿಮೀಟರ್. ಅಷ್ಟು ಎತ್ತರದಿಂದ ಬೀಳಲು 0.29 ಸೆಕೆಂಡ್ ಕೂಡ ಬೇಡ, ಐದು ಪಟ್ಟು ಬೇಗ. ನೋಡುವವರಿಗೆ ಲೆಕ್ಕ ಗೊತ್ತಿರುವುದಿಲ್ಲ, ಆದರೆ ಜೀವನ ಪೂರ್ತಿ ವಸ್ತುಗಳು ಬೀಳುವುದನ್ನು ನೋಡಿದ ಕಣ್ಣು ತಕ್ಷಣ ಇದು ಚಿಕ್ಕದು ಅಂತ ಹೇಳಿಬಿಡುತ್ತದೆ. ಅದಕ್ಕೆ ಅಳತೆಯ ವರ್ಗಮೂಲದಷ್ಟು ಪಟ್ಟು ಜಾಸ್ತಿ ಫ್ರೇಮ್ ಬೇಕು. 25ರ ವರ್ಗಮೂಲ 5, ಅಂದರೆ 24 ಗುಣಿಸು 5, 120 ಫ್ರೇಮ್. ನಿಮ್ಮ ಫೋನಿನಲ್ಲೇ ಇರಬಹುದು, ನೋಡಿ. ಎಡಿಟಿಂಗ್‌ನಲ್ಲಿ ವೇಗವನ್ನು ಶೇಕಡಾ 20ಕ್ಕೆ ಇಳಿಸಿ. 1954ರ ಜಪಾನಿನ ಗಾಡ್ಜಿಲ್ಲಾದಲ್ಲೂ ಹೀಗೇ, ವೇಷದೊಳಗೆ ಮನುಷ್ಯ, ಪ್ರಾಣಿಯ ಎತ್ತರ 50 ಮೀಟರ್ ಅಂತ ಇಟ್ಟುಕೊಂಡು ಕಟ್ಟಡಗಳನ್ನು ಹೆಚ್ಚಾಗಿ 1/25 ಅಳತೆಯಲ್ಲೇ ಮಾಡಿ, ಕ್ಯಾಮೆರಾವನ್ನು ಜಾಸ್ತಿ ವೇಗದಲ್ಲಿ ಓಡಿಸಿದ್ದರು.

ಇನ್ನು ಜಾಗ. 60 ಸೆಂಟಿಮೀಟರ್ ಅಂದರೆ ನಿಮ್ಮ ಕಥೆಯ ಲೋಕದಲ್ಲಿ 15 ಮೀಟರ್. ನೋಡುವವನು ಗಾಳಿಯಲ್ಲಿ ತೇಲುತ್ತಾ ರಾಕ್ಷಸನ ಎದೆ ನೋಡುತ್ತಿದ್ದಾನೆ! ರಸ್ತೆಯಲ್ಲಿ ನಿಂತವನ ಕಣ್ಣು 1.6 ಮೀಟರ್, ನಿಮ್ಮ ಸೆಟ್ಟಿನಲ್ಲಿ 6.4 ಸೆಂಟಿಮೀಟರ್. ಟ್ರೈಪಾಡ್ ಅಷ್ಟು ಕೆಳಗೆ ಬರುವುದಿಲ್ಲ, ಫೋನನ್ನು ಅಡ್ಡಕ್ಕೆ ಹಿಡಿದು ಲೆನ್ಸ್ ಕೆಳಗೆ ಬರುವ ಹಾಗೆ ತಿರುಗಿಸಿ, ಎರಡು ಪುಸ್ತಕದ ಮೇಲೆ ಇಡಿ.

ಕಂಪ್ಯೂಟರ್_ಕುಂಚ:
ಇಷ್ಟೆಲ್ಲ ಯಾಕೆ, ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಕಂಪ್ಯೂಟರಿನಲ್ಲೇ ಮಾಡಿದರೆ ಆಗದಾ?

ಮಿನಿಯೇಚರ್_ಹುಚ್ಚು:
ಖಂಡಿತ ಆಗುತ್ತದೆ. ಆದರೆ ಆಕಾರ ಕೊಡುವ ಮಾಡೆಲಿಂಗ್, ಆಡಿಸಲು ಒಳಗೆ ಮೂಳೆ ಜೋಡಿಸುವ ರಿಗ್ಗಿಂಗ್, ಬೆಳಕು ಎಲ್ಲ ಹೊಸದಾಗಿ ಕಲಿಯಬೇಕು, ಇವರ ಕೈಯಲ್ಲಿ ಸಿದ್ಧ ಬೊಂಬೆ ಇದೆ. ಮೂರು ತಿಂಗಳ ಕೆಲಸ ಸುಮ್ನೆ ಮೂಲೆಗೆ ಹೋಗಬಾರದು.

ಮೊದಲ_ಸಿನಿಮಾ:
120 ಫ್ರೇಮ್‌ನಲ್ಲಿ ತೆಗೆದೆವು. ಬೊಂಬೆಗೆ ಭಾರ ಬಂದಿದೆ, ನೋಡಿ ಖುಷಿಯಾಯಿತು. ಆದರೆ ಈಗ ಎರಡು ಹೊಸ ತೊಂದರೆ. ಚಿತ್ರ ತುಂಬಾ ಕತ್ತಲು, ಜೊತೆಗೆ ಬೆಳಕು ಪಟಪಟ ಮಿನುಗುತ್ತದೆ. ಇನ್ನೊಂದು, ಹೆಜ್ಜೆ ವಿಪರೀತ ನಿಧಾನ, ನಿದ್ದೆಗಣ್ಣಲ್ಲಿ ನಡೆದ ಹಾಗಿದೆ.

ಮಿನಿಯೇಚರ್_ಹುಚ್ಚು:
ಕತ್ತಲಾಗುವುದು ಸಹಜ. ಒಂದೊಂದು ಫ್ರೇಮಿಗೆ ಸಿಗುವ ಬೆಳಕು ಐದರಲ್ಲಿ ಒಂದು ಪಾಲು ಆಯಿತು, ಅಲ್ವಾ? ಮಿನುಗುವುದು ದೀಪದ್ದು, ಕರೆಂಟಿನ ಏರಿಳಿತಕ್ಕೆ ತಕ್ಕಂತೆ ಕೆಲವು ಎಲ್‌ಇಡಿಗಳ ಬೆಳಕೂ ಏರಿ ಇಳಿಯುತ್ತದೆ, ಬರಿಗಣ್ಣಿಗೆ ಗೊತ್ತಾಗುವುದಿಲ್ಲ, 120 ಫ್ರೇಮಿಗೆ ಸಿಕ್ಕಿಬೀಳುತ್ತದೆ. ಎರಡಕ್ಕೂ ಒಂದೇ ಮದ್ದು, ಸೆಟ್ಟನ್ನು ಬಿಸಿಲಿಗೆ ಒಯ್ಯಿರಿ. ಬಿಸಿಲಿನಲ್ಲಿ ಒಂದು ವಸ್ತುವಿಗೆ ಒಂದೇ ನೆರಳು, ನಿಮ್ಮ ಎರಡು ದೀಪಕ್ಕೆ ಎರಡು ನೆರಳು ಬಿದ್ದಿರುತ್ತದೆ, ಆಟಿಕೆ ಅನ್ನಿಸುವುದಕ್ಕೆ ಅದೂ ಒಂದು ಕಾರಣ. ಬೆಳಗ್ಗೆ ಅಥವಾ ಸಂಜೆ ತೆಗೆಯಿರಿ, ಓರೆ ಬಿಸಿಲಿಗೆ ನಿಮ್ಮ ಚಿಪ್ಪುಗಳು ಎದ್ದು ಕಾಣುತ್ತವೆ. ಸೆಟ್ಟಿನ ಹತ್ತಿರ ಹುಲ್ಲಿನ ಒಂದು ಎಸಳೂ ಇರಬಾರದು, ಅದು ಕಂಡರೆ ಬೊಂಬೆಯ ನಿಜವಾದ ಗಾತ್ರ ಗೊತ್ತಾಗಿಬಿಡುತ್ತದೆ.

ಹೆಜ್ಜೆ ವಿಷಯ. ಪರದೆ ಮೇಲೆ ಒಂದು ಹೆಜ್ಜೆಗೆ 2 ಸೆಕೆಂಡ್ ಬೇಕು ಅಂದರೆ ನೀವು ಅದನ್ನು 0.4 ಸೆಕೆಂಡಿನಲ್ಲಿ ಇಡಬೇಕು. ಹೌದು, ಅಷ್ಟು ಬೇಗ. ಎಲ್ಲರೂ ಮಾಡುವ ತಪ್ಪು ಅಂದರೆ ಸ್ಲೋ ಮೋಷನ್ ಹಾಕಿ, ಬೊಂಬೆಯನ್ನೂ ನಿಧಾನ ಆಡಿಸುವುದು. ಇಬ್ಬರು ಹಿಡಿಯಿರಿ, ಒಬ್ಬರು ಕಾಲು, ಒಬ್ಬರು ಸೊಂಟ ಮತ್ತು ತಲೆ. ಕಾಲು ನೆಲ ಮುಟ್ಟಿದ ಮೇಲೆ ಮೈ ಸ್ವಲ್ಪ ಕುಸಿಯಬೇಕು, ತಲೆ ಎಲ್ಲದಕ್ಕಿಂತ ಕೊನೆಗೆ ನಿಲ್ಲಬೇಕು. ಕ್ಯಾಮೆರಾ ಇಲ್ಲದೆ ಒಂದು ದಿನ ಬರೀ ಇದನ್ನೇ ಅಭ್ಯಾಸ ಮಾಡಿ.

ಕಂಪ್ಯೂಟರ್_ಕುಂಚ:
ಬಣ್ಣದ ಕೆಲಸಕ್ಕೆ ನನ್ನದೊಂದು ಮಾತು. ದೂರದ ಬೆಟ್ಟ ಯಾವತ್ತೂ ಕಪ್ಪಾಗಿ ಕಾಣುವುದಿಲ್ಲ, ಮಧ್ಯದಲ್ಲಿರುವ ಗಾಳಿ ಅದನ್ನು ಮಸುಕು ಮಾಡಿರುತ್ತದೆ. ಬೊಂಬೆಯ ಕಂಕುಳು, ಬಾಯೊಳಗಿನ ಕಪ್ಪು ಹಾಗೇ ಗಾಢವಾಗಿ ಉಳಿದರೆ ಅದು ಹತ್ತಿರದಲ್ಲೇ ಇದೆ ಅನ್ನಿಸುತ್ತದೆ. ಎಡಿಟಿಂಗ್‌ನಲ್ಲಿ ಆ ಕಪ್ಪನ್ನು ಸ್ವಲ್ಪ ಎತ್ತಿ, ಆಕಾಶದ ಬಣ್ಣದ ಕಡೆಗೆ ತನ್ನಿ. ಮುಂದಿನ ಮನೆಗಳಿಗೆ ಮಾತ್ರ ಗಾಢ ಕಪ್ಪು ಇರಲಿ. ಶೂಟಿಂಗಿನಲ್ಲೇ ಬೇಕಾದರೆ ಮನೆಗಳ ಹಿಂದೆ, ಬೊಂಬೆಯ ಮುಂದೆ ತೆಳ್ಳಗಿನ ಬಿಳಿ ನೆಟ್ ಬಟ್ಟೆ ಬಿಗಿಯಾಗಿ ಕಟ್ಟಿ. ಬೊಂಬೆಯ ಬಣ್ಣ ಹೊಳೆಯುತ್ತಿದ್ದರೆ ಮೇಲೆ ಮ್ಯಾಟ್ ಕೋಟ್ ಕೊಡಿ.

ಮೊದಲ_ಸಿನಿಮಾ:
ನೆಟ್ ಬಟ್ಟೆ ಅದ್ಭುತ! ಮ್ಯಾಟ್ ಕೋಟ್ ಕೂಡ ಕೊಟ್ಟೆವು. ಕೊನೆಯದೊಂದು, ಥರ್ಮಾಕೋಲ್ ಗೋಡೆ ಒಡೆದರೆ ಉದುರುವುದು ಬರೀ ಬಿಳಿ ಗುಂಡುಗಳು.

ಮಿನಿಯೇಚರ್_ಹುಚ್ಚು:
ಥರ್ಮಾಕೋಲ್ ಬೇಡ, ತೂಕವೇ ಇಲ್ಲ, ತೇಲಿಕೊಂಡು ಬೀಳುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ತೆಳ್ಳಗಿನ ಹಲಗೆ ಎರೆದು, ಹಿಂದಿನಿಂದ ಚಾಕುವಿನಲ್ಲಿ ಅಡ್ಡಾದಿಡ್ಡಿ ಗೀರಿ. ಗೀರಿದ ಕಡೆಯೇ ಬಿರುಕು ಬಿಡುತ್ತದೆ. ಗೋಡೆ ಹಿಂದೆ ನುಣ್ಣಗೆ ಜರಡಿ ಹಿಡಿದ ಪ್ಲಾಸ್ಟರ್ ಪುಡಿ ತುಂಬಿಡಿ, ಧೂಳು ಚೆನ್ನಾಗಿ ಏಳುತ್ತದೆ. ಎಲ್ಲರೂ ಮಾಸ್ಕ್ ಮತ್ತು ಕನ್ನಡಕ ಹಾಕಿಕೊಳ್ಳಿ. ಧೂಳಿಗೆ ಹಿಟ್ಟು ಮಾತ್ರ ಬಳಸಬೇಡಿ, ಗಾಳಿಯಲ್ಲಿ ಹಾರುವ ಹಿಟ್ಟಿಗೆ ಕಿಡಿ ತಗುಲಿದರೆ ಭಗ್ ಅಂತ ಹೊತ್ತಿಕೊಳ್ಳುತ್ತದೆ.

ಸದ್ದಿನ_ಜಾಡು:
ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ರಾಕ್ಷಸ ಮೊದಲ ಸಲ ಬೆಟ್ಟದ ಹತ್ತಿರ, 700 ಮೀಟರ್ ದೂರದಲ್ಲಿ ಕಾಣುತ್ತಾನೆ ಅಂದರೆ, ಪಾದ ನೆಲಕ್ಕೆ ಬಿದ್ದ ಎರಡು ಸೆಕೆಂಡಿನ ಮೇಲೆ ಸದ್ದು ಬರಲಿ. ಹತ್ತಿರ ಬಂದ ಹಾಗೆ ಆ ಅಂತರ ಕಡಿಮೆ ಮಾಡುತ್ತಾ ಹೋಗಿ. ಹೆಜ್ಜೆಗೆ ದಪ್ಪ ಪುಸ್ತಕ ನೆಲಕ್ಕೆ ಬೀಳಿಸಿದ ಸದ್ದು ರೆಕಾರ್ಡ್ ಮಾಡಿ ಪಿಚ್ ಇಳಿಸಿದರೆ ಸಾಕು.

ಮೊದಲ_ಸಿನಿಮಾ:
ಇವತ್ತು ಬೆಳಗ್ಗೆ ತೆಗೆದೆವು. ಆರು ಗೋಡೆ ಎರೆದಿದ್ದೆವು, ಐದನೆಯದಕ್ಕೆ ಸರಿಯಾಯಿತು. ಮೊದಲು ಪಾದ ಬೀಳುತ್ತದೆ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಗೋಡೆಯ ಮೇಲಿನ ಮೂಲೆಯಿಂದ ಬಿರುಕು ಇಳಿದು ಧೂಳು ರಸ್ತೆ ಉದ್ದಕ್ಕೂ ಕ್ಯಾಮೆರಾ ಕಡೆ ಬರುತ್ತದೆ. ಬೊಂಬೆ ಹಿಡಿದಿದ್ದ ಗೆಳೆಯ ಅದನ್ನು ಫೋನಿನಲ್ಲಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಆರನೇ ಗೋಡೆ ಹಾಗೇ ಇದೆ, ನಾಳೆ ಬಾಲದ ಶಾಟಿಗೆ ಬಳಸುತ್ತೇವೆ.