‘ಹಲ್ಲುಳಿ’, ‘ಒಳಪೆಟ್ಟು’: ಅಮೃತಶಿಲೆಯ ಕೆತ್ತನೆಯ ಪದಗಳ ಬಗ್ಗೆ

ಮಾನ್ಯರೇ,

ಅಮೃತಶಿಲೆಯಲ್ಲಿ ಪ್ರತಿಮೆಯನ್ನು ಹೇಗೆ ಕೆತ್ತುತ್ತಾರೆಂಬುದನ್ನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ತಿಳಿಸುವ ಪಾಠವೊಂದನ್ನು ಬರೆಯುತ್ತಿದ್ದು, ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಪಾಠಕ್ಕೆ ಆರಿಸಿಕೊಂಡಿರುವುದು ಇಟಲಿಯ ಫ್ಲಾರೆನ್ಸಿನಲ್ಲಿರುವ ಮೈಕೆಲ್ಯಾಂಜೆಲೊನ ಡೇವಿಡ್. ಕರಾರಾ ಗಣಿಯ ಬಿಳಿಗಲ್ಲಿನಲ್ಲಿ 1501ರಿಂದ 1504ರ ನಡುವೆ ರೂಪುಗೊಂಡ ಈ ಪ್ರತಿಮೆ 5 ಮೀಟರಿಗೂ ಮಿಗಿಲಾದ ಎತ್ತರವಿದೆ. ಅದೇ ಬಂಡೆಯನ್ನು ಆತನಿಗಿಂತ ಮೊದಲು ಬೇರೆಯವರು ಕೈಗೆತ್ತಿಕೊಂಡು ಬಿಟ್ಟಿದ್ದರೆಂಬ ಸಂಗತಿ ಮಕ್ಕಳಿಗೆ ಹಿಡಿಸದೆ ಇರದು. (‘ವಿಗ್ರಹ’, ‘ಮೂರ್ತಿ’ ಎಂದರೆ ಪೂಜೆಯ ನೆನಪಾಗುವುದರಿಂದ ‘ಪ್ರತಿಮೆ’ ಎಂದೇ ಇಟ್ಟುಕೊಂಡಿದ್ದೇನೆ.)

ನಾವು ಎಲ್ಲಕ್ಕೂ ‘ಕೆತ್ತು’ ಎಂದುಬಿಡುತ್ತೇವೆ. ಆದರೆ ಉಳಿ ಬದಲಾದಂತೆ ಕೆಲಸವೂ ಬದಲಾಗುತ್ತದೆ. ಮೊದಲು ಮೊನೆಯುಳಿಯನ್ನು ಓರೆಯಾಗಿ ಹಿಡಿದು, ಸುತ್ತಿಗೆಯಿಂದ ಹೊಡೆದು, ಬೇಡದ ಕಲ್ಲನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತಾರೆ. ಆಮೇಲಿನ ಸರದಿ, ಬಾಯಲ್ಲಿ ಸಾಲುಹಲ್ಲುಗಳಿರುವ ಉಳಿಯದು. ಇಟಲಿಯವರು ಅದನ್ನು ‘ಗ್ರದೀನಾ’ ಎನ್ನುತ್ತಾರೆ. ಅದು ಕಲ್ಲಿನ ಮೇಲೆ ಒತ್ತೊತ್ತಾಗಿ ಗೀರುಗಳನ್ನು ಬಿಡುತ್ತ ಮೈಯ ಉಬ್ಬುತಗ್ಗುಗಳನ್ನು ತಿದ್ದುತ್ತ ಹೋಗುತ್ತದೆ. ಡೇವಿಡ್ ಇರುವ ಅಕಾಡೆಮಿಯಾ ಸಂಗ್ರಹಾಲಯದಲ್ಲೇ ಮೈಕೆಲ್ಯಾಂಜೆಲೊ ಅರ್ಧಕ್ಕೆ ಬಿಟ್ಟ ಸೆರೆಯಾಳುಗಳ ಪ್ರತಿಮೆಗಳಿದ್ದು, ಅವುಗಳ ಮೈಮೇಲೆ ಈ ಗೀರುಗಳು ಬಾಚಣಿಗೆ ಎಳೆದಂತೆ ಇಂದಿಗೂ ಕಾಣುತ್ತವೆ. ಈ ಉಳಿಗೆ ‘ಹಲ್ಲುಳಿ’ ಎಂದು ಬರೆದಿದ್ದೇನೆ. ಮಕ್ಕಳಿಗೆ ಇದು ಒಮ್ಮೆಗೇ ತಿಳಿದೀತೇ, ಇಲ್ಲ ‘ಹಲ್ಲಿನ ಉಳಿ’ ಎಂದು ಬಿಡಿಸಿ ಬರೆಯಬೇಕೇ? ಶಿವಾರಪಟ್ಟಣದ ಅಥವಾ ಕಾರ್ಕಳದ ಶಿಲ್ಪಿಗಳ ಬಾಯಲ್ಲಿ ಬೇರೆಯ ಹೆಸರಿದ್ದರೆ, ನಾನು ಕಟ್ಟಿದ್ದನ್ನು ಬಿಟ್ಟು ಅದನ್ನೇ ಬಳಸುವುದು ಮೇಲು.

ನನ್ನ ಮುಖ್ಯ ಪ್ರಶ್ನೆ ಇನ್ನೊಂದಿದೆ. ಸುಣ್ಣಕಲ್ಲು ನೆಲದಾಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ ಅಮೃತಶಿಲೆಯಾಗುತ್ತದೆ. ಅದರೊಳಗೆಲ್ಲ ಕ್ಯಾಲ್ಸೈಟಿನ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಉಳಿಯನ್ನು ನೆಟ್ಟಗೆ ಹಿಡಿದು ಬಲವಾಗಿ ಹೊಡೆದರೆ ಮೇಲಿನ ಚಕ್ಕೆ ಹಾರುವುದಲ್ಲದೆ ಅದರ ಕೆಳಗಿನ ಹರಳುಗಳೂ ಜಜ್ಜಿಹೋಗುತ್ತವೆ. ಆ ಹೊತ್ತಿಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ; ಕೊನೆಯಲ್ಲಿ ಮೆರುಗು ಕೊಟ್ಟಾಗ ಆ ಜಾಗ ಬೆಳ್ಳಗೆ ಮಚ್ಚೆಯಾಗಿ ಎದ್ದು ಕಾಣುತ್ತದೆ. ಆದ್ದರಿಂದಲೇ ಪ್ರತಿಮೆಯ ಮೈ ಹತ್ತಿರವಾದಂತೆ ಮೊನೆಯುಳಿಯನ್ನು ಬದಿಗಿಟ್ಟು ಹಲ್ಲುಳಿ ಹಿಡಿಯುತ್ತಾರೆ. ಕಲ್ಲಿಗಾಗುವ ಈ ಪೆಟ್ಟಿಗೆ ‘ಒಳಪೆಟ್ಟು’ ಎಂದಿದ್ದೇನೆ. ಮರದಿಂದ ಬಿದ್ದವನಿಗೆ ಒಳಪೆಟ್ಟಾಗಿದೆ ಎನ್ನುವ ಮಾತು ಮನೆಮನೆಯಲ್ಲೂ ಇರುವುದರಿಂದ, ಹೊರಗೆ ಕಾಣದ ಗಾಯವೆಂಬ ಅರ್ಥ ಮಕ್ಕಳಿಗೆ ವಿವರಣೆಯಿಲ್ಲದೆ ಹೊಳೆಯುತ್ತದೆ. ‘ಕಲ್ಲು ಕಂದಿದೆ’ ಎನ್ನಬಹುದೆಂದು ಸ್ನೇಹಿತರೊಬ್ಬರ ಸಲಹೆ. ಮಾತು ಸೊಗಸಾಗಿದೆ, ಆದರೆ ಕಂದುವುದೆಂದರೆ ಬಣ್ಣ ಕಪ್ಪಿಡುವುದು ಎಂಬ ಭಾವನೆಯೇ ಮುಂದಾಗುತ್ತದೆ. ಇಲ್ಲಿ ಮಚ್ಚೆ ಬಿಳಿಯದು.

ಚಪ್ಪಟೆ ಉಳಿಯಿಂದ ಗೀರುಗಳನ್ನು ಸವರಿ, ಅರದಿಂದ ಉಜ್ಜಿ, ನೊರೆಗಲ್ಲಿನಿಂದ ತಿಕ್ಕುವ ಉಳಿದ ಹಂತಗಳಿಗೆ ಪದಗಳ ಕೊರತೆಯಿಲ್ಲ. ಕಣ್ಣಿನ ರೆಪ್ಪೆ, ಗುಂಗುರುಗೂದಲಿನಂಥ ನವುರು ಕೆಲಸಕ್ಕೆ ಮಾತ್ರ ‘ಕಂಡರಿಸು’ ಎಂಬುದನ್ನು ತರಬಹುದೇ ಎಂದು ಯೋಚಿಸುತ್ತಿದ್ದೇನೆ. ‘ಕಡೆ’ ಎಂಬುದೂ ಇದೆ, ಆದರೆ ಇಂದಿನ ಮಕ್ಕಳಿಗೆ ಅದು ಮಜ್ಜಿಗೆಯ ಮಾತು. ಶಾಸನಗಳಲ್ಲಿ ಅಕ್ಷರ ಕೊರೆದ ರೂವಾರಿಯ ಹೆಸರಿನ ಜೊತೆಗೆ ‘ಕಂಡರಿಸಿದ’ ಎಂದು ಬರುವುದು ಎಲ್ಲರಿಗೂ ತಿಳಿದದ್ದೇ. ಆ ಪದವನ್ನು ಅಕ್ಷರದ ಕೊರೆತಕ್ಕಷ್ಟೇ ಮೀಸಲಿಡಬೇಕೇ, ಪ್ರತಿಮೆಯ ಸೂಕ್ಷ್ಮ ಕೆತ್ತನೆಗೂ ಸಲ್ಲಿಸಬಹುದೇ? ಪ್ರಯೋಗಗಳು ಗೊತ್ತಿರುವವರು ಉದಾಹರಣೆಯೊಂದಿಗೆ ತಿಳಿಸಬೇಕಾಗಿ ವಿನಂತಿ.