ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಫೋಟೋಗ್ರಫಿ ಕಲಿಯಬಹುದಾ? ಮಗ್ಗದ ಫೋಟೋ ತೆಗೆಯಬೇಕು

ಬೆಟಗೇರಿ ಸೊಸೆ:
ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವಳು. ನಮ್ಮ ಮಾವನವರು ಇವತ್ತಿಗೂ ಕೈಮಗ್ಗದಲ್ಲಿ ಸೀರೆ ನೇಯುತ್ತಾರೆ. ಓಣಿಯಲ್ಲಿ ಮಗ್ಗದ ಸಪ್ಪಳ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿದೆ. ಅವರ ಕೈಲಿ ಕೆಲಸ ಇರುವಾಗಲೇ ಅದನ್ನು ಚೆನ್ನಾಗಿ ಫೋಟೋ ತೆಗೆದಿಡಬೇಕು ಅಂತ ನನಗೆ ತುಂಬಾ ಆಸೆ.

ಮನೆಯಲ್ಲಿ ಕ್ಯಾನನ್ 1500ಡಿ ಕ್ಯಾಮೆರಾ ಇದೆ. ಲೆನ್ಸ್ ಅದರ ಜೊತೆ ಬಂದ 18-55 ಒಂದೇ. ಆಟೋದಲ್ಲಿ ತೆಗೆದರೆ ಫ್ಲ್ಯಾಶ್ ತಾನೇ ಏಳುತ್ತೆ, ಮಾವನವರ ಮುಖ ಬೆಳ್ಳಗೆ, ಹಿಂದಿನ ಮಗ್ಗ ಕಪ್ಪಗೆ ಬರುತ್ತೆ. ಫ್ಲ್ಯಾಶ್ ಬಂದ್ ಮಾಡಿದರೆ ಕೈಗಳೆಲ್ಲ ಮಸುಕು.

ಮಗು ಸಣ್ಣದು, ಹುಬ್ಬಳ್ಳಿಗೆ ಹೋಗಿ ಕ್ಲಾಸ್ ಸೇರೋದು ಆಗದ ಮಾತು. ಆನ್‌ಲೈನ್ ಕೋರ್ಸಿನವರೊಬ್ಬರು 12,000 ರೂಪಾಯಿ ಕೇಳುತ್ತಿದ್ದಾರೆ. ಸರ್ಟಿಫಿಕೇಟ್ ಕೊಡುತ್ತಾರಂತೆ. ಸೇರಲಾ? ನಾನು ಓದಿದ್ದು ಕನ್ನಡ ಮಾಧ್ಯಮ. ಇಂಗ್ಲಿಷ್ ಪಾಠ ಹಿಡಿಸುತ್ತಾ ಅನ್ನೋ ಚಿಂತೆಯೂ ಇದೆ.

ಧಾರವಾಡ ಸ್ಟುಡಿಯೊ ಕಾಕಾ:
ತಂಗಿ, ಹಣ ಈಗಲೇ ಕಟ್ಟಬೇಡಿ. ನಿಮ್ಮ ತೊಂದರೆ ಕೋರ್ಸಿನದ್ದಲ್ಲ, ಬೆಳಕಿನದ್ದು. ಅದನ್ನು ಮನೆಯಲ್ಲೇ ಸರಿ ಮಾಡಬಹುದು.

ಮೇಲಿನ ಚಕ್ರವನ್ನು Tv (ಟಿವಿ) ಅಂತ ಬರೆದಿರೋ ಕಡೆ ತಿರುಗಿಸಿ. ಅಲ್ಲಿ ಶಟರ್ ಸ್ಪೀಡ್, ಅಂದರೆ ಬೆಳಕು ಒಳಗೆ ಬರೋಕೆ ಕ್ಯಾಮೆರಾ ಎಷ್ಟು ಹೊತ್ತು ತೆರೆದಿರಬೇಕು ಅನ್ನೋದು, ನಿಮ್ಮ ಕೈಗೆ ಬರುತ್ತೆ, ಫ್ಲ್ಯಾಶ್ ತಾನಾಗಿ ಏಳಲ್ಲ. 1/125 ಸೆಕೆಂಡಿಗೆ ಇಡಿ. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೋದಲ್ಲಿರಲಿ, ಮೆನುವಿನಲ್ಲಿ ಅದರ ಮಿತಿ 3200 ಮಾಡಿ. ಸ್ವಲ್ಪ ಕಾಳುಕಾಳು ಬಂದರೂ ಪರವಾಗಿಲ್ಲ. ಕಾಳು ಬಿದ್ದ ಫೋಟೋವನ್ನು ಆಮೇಲೆ ಸುಧಾರಿಸಬಹುದು, ಅಲುಗಿದ ಕೈಯನ್ನು ಆಗಲ್ಲ. ಲಾಳಿ ಓಡೋ ವೇಗ ಕಾಣಬೇಕು ಅನಿಸಿದ ದಿನ ಕ್ಯಾಮೆರಾವನ್ನು ಸ್ಟೂಲ್ ಮೇಲಿಟ್ಟು 1/15ರಲ್ಲಿ ತೆಗೆದು ನೋಡಿ. ಮಗ್ಗ ನಿಂತಿರುತ್ತೆ, ಲಾಳಿ ಮಾತ್ರ ಗೆರೆಯಾಗಿ ಬರುತ್ತೆ.

ನಿಮ್ಮ ಲೆನ್ಸಿನ ಕಿಂಡಿ (ಅಪರ್ಚರ್) ಜೂಮ್ 18ರಲ್ಲಿದ್ದಾಗ ಎಫ್ 3.5 ತನಕ ತೆರೆಯುತ್ತೆ, 55ಕ್ಕೆ ಎಳೆದರೆ 5.6ಕ್ಕೇ ನಿಲ್ಲುತ್ತೆ. ಅಂದರೆ ಒಳಗೆ ಬರೋ ಬೆಳಕು ಅರ್ಧಕ್ಕಿಂತ ಕಡಿಮೆ. ಕತ್ತಲ ಮನೆಯಲ್ಲಿ ಸುಮ್ನೆ ಜೂಮ್ ಮಾಡಬೇಡಿ, ನಾಲ್ಕು ಹೆಜ್ಜೆ ಹತ್ತಿರ ಹೋಗಿ. ಆದರೆ 18ರಲ್ಲಿ ಮುಖದ ಹತ್ತಿರ ತೀರಾ ಹೋದರೆ ಮೂಗು ದೊಡ್ಡದಾಗಿ ಕಾಣುತ್ತೆ. ಮುಖಕ್ಕೆ 35ರಿಂದ ಮೇಲೆ ಒಳ್ಳೆಯದು.

ಮಾವನವರ ಒಂದು ಪಕ್ಕಕ್ಕೆ ಕಿಟಕಿ ಇರಲಿ, ಇನ್ನೊಂದು ಪಕ್ಕಕ್ಕೆ ಅವರ ಬಿಳಿ ಧೋತರವನ್ನೇ ಹಗ್ಗದ ಮೇಲೆ ಹರವಿ. ಕಿಟಕಿಯ ಬೆಳಕು ಅದಕ್ಕೆ ಬಡಿದು ಮುಖದ ನೆರಳಿನ ಭಾಗಕ್ಕೆ ತಿರುಗಿ ಬರುತ್ತೆ. ಸ್ಟುಡಿಯೊದಲ್ಲಿ ರಿಫ್ಲೆಕ್ಟರ್ ಅಂತ ನಾವು ಇಡೋದು ಇದೇ ಕೆಲಸಕ್ಕೆ. ಫ್ರೇಮಿನ ತುಂಬಾ ಬಿಳಿ ನೂಲಿದ್ದರೆ ಕ್ಯಾಮೆರಾ ಅದನ್ನು ಬೂದಿ ಬಣ್ಣ ಮಾಡುತ್ತೆ, ಯಾಕಂದರೆ ಬೆಳಕು ಅಳೆಯೋ ಅದರ ಮೀಟರ್ ಎಲ್ಲವನ್ನೂ ನಡುವಿನ ಬೂದಿಗೆ ತರೋಕೆ ನೋಡುತ್ತೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್, ಅಂದರೆ ಫೋಟೋದ ಬೆಳಕು ಹೆಚ್ಚು ಕಡಿಮೆ ಮಾಡೋ ಸೆಟ್ಟಿಂಗ್, ಪ್ಲಸ್ 1 ಕೊಡಿ.

ಇಷ್ಟು ಕೈಗೆ ಹತ್ತಿದ ಮೇಲೆ ಪಾಠ ನೋಡಿ. ಮಾರ್ಕ್ ಲೆವಾಯ್ ಅಂತ ಸ್ಟ್ಯಾನ್‌ಫರ್ಡ್‌ನ ಮೇಷ್ಟ್ರಾಗಿದ್ದವರು. ಅವರು 2016ರಲ್ಲಿ ಗೂಗಲ್‌ನಲ್ಲಿ ಮಾಡಿದ 18 ಪಾಠಗಳು ಯೂಟ್ಯೂಬ್‌ನಲ್ಲಿ ಪುಕ್ಕಟೆ ಇವೆ. ಇಂಗ್ಲಿಷಿನಲ್ಲೇ ಇವೆ, ಲೆಕ್ಕವೂ ಬರುತ್ತೆ, ಆದರೆ ಚಿತ್ರ ತೋರಿಸಿ ತೋರಿಸಿ ಹೇಳುತ್ತಾರೆ. ಸಬ್‌ಟೈಟಲ್ ಹಾಕಿ, ವೇಗ 0.75ಕ್ಕೆ ಇಳಿಸಿ. ಅರ್ಥ ಆಗದ್ದನ್ನು ಇಲ್ಲಿ ಕೇಳಿ, ನಾನು ಹೇಳುತ್ತೇನೆ.

ಹುಬ್ಬಳ್ಳಿ ವಿದ್ಯಾನಗರ:
ಕಾಕಾ ಹೇಳಿದ್ದು ಬಹಳ ಒಳ್ಳೆಯ ಮಾತು. ಆದರೆ ಹಣ ಕಟ್ಟಿ ಕಲಿಯೋದು ಬೇಡವೇ ಬೇಡ ಅನ್ನೋದನ್ನು ನಾನು ಒಪ್ಪಲ್ಲ. ಬಟನ್ ಯಾವುದು ಅಂತ ವಿಡಿಯೊ ಹೇಳುತ್ತೆ. ನಾನು ತೆಗೆದ ಫೋಟೋದಲ್ಲಿ ಏನು ಕೆಟ್ಟಿದೆ ಅಂತ ಅದು ಹೇಳಲ್ಲ. ಅದನ್ನು ಹೇಳೋ ಮನುಷ್ಯ ಸಿಕ್ಕರೆ ಹಣ ಸಾರ್ಥಕ.

ಹಾಗಾಗಿ ಅಕ್ಕಾ, ಆ ಕೋರ್ಸಿನವರಿಗೆ ಫೋನ್ ಮಾಡಿ ಕೇಳಿ. ನನ್ನ ಫೋಟೋ ಯಾರು ನೋಡುತ್ತಾರೆ? ವಾರಕ್ಕೆ ಎಷ್ಟು ನೋಡುತ್ತಾರೆ? ಒಬ್ಬರ ಹತ್ತಿರ ಎಷ್ಟು ಜನ ವಿದ್ಯಾರ್ಥಿಗಳು? ಸರಿಯಾಗಿ ಉತ್ತರ ಬರದಿದ್ದರೆ ಬಿಟ್ಟುಬಿಡಿ. ಸರ್ಟಿಫಿಕೇಟಿಗೆ ಅಂತ ಮಾತ್ರ ಕಟ್ಟಬೇಡಿ. ಕೋರ್ಸೆರಾ ಅನ್ನೋ ಆನ್‌ಲೈನ್ ಪಾಠದ ತಾಣದಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯವರ ಕೋರ್ಸ್ ಇದೆ, ಮೊಬೈಲ್ ಕ್ಯಾಮೆರಾದಿಂದಲೇ ಶುರು ಆಗುತ್ತೆ. ಅಲ್ಲಿ ಕಲಿಯೋರು ಒಬ್ಬರ ಫೋಟೋ ಇನ್ನೊಬ್ಬರು ನೋಡಿ ಅಭಿಪ್ರಾಯ ಬರೆಯುತ್ತಾರೆ. ಹೊಸಬರಿಗೆ ಅದೂ ಬಹಳ ಉಪಯೋಗ.

ಲಕ್ಕುಂಡಿ ದಾರಿ:
ನಾನೂ ಗದಗದವನೇ. ಬೆಳಕು ಕಲಿಯೋಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ಬೇಕಾ? ರಜಾ ದಿನ ಮನೆಯವರ ಜೊತೆ ಲಕ್ಕುಂಡಿಗೆ ಹೋಗಿ ಬನ್ನಿ. ಕಾಶಿ ವಿಶ್ವನಾಥ ಗುಡಿಯ ಹೊರಗೋಡೆಯ ಒಂದೇ ಕೆತ್ತನೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ತೆಗೆಯಿರಿ. ಬಿಸಿಲು ಗೋಡೆಗೆ ಓರೆಯಾಗಿ ತಾಕುವಾಗ ಒಂದೊಂದು ಗೆರೆಗೂ ನೆರಳು ಬಿದ್ದು ಕಲ್ಲು ಎದ್ದು ಬರುತ್ತೆ. ಮೋಡದ ದಿನ ಅದೇ ಕೆತ್ತನೆ ಸಪ್ಪೆ. ನೇಯ್ಗೆಯ ಅಂಚಿಗೂ ಹಾಗೇ, ಬೆಳಕು ಓರೆಯಾಗಿ ಬಿದ್ದರೆ ಎಳೆ ಎಳೆ ಕಾಣುತ್ತೆ. ಅಲ್ಲಿ ಟ್ರೈಪಾಡ್ ಇಡೋಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಕೈಯಲ್ಲೇ ತೆಗೆಯಿರಿ.

ಬೆಟಗೇರಿ ಸೊಸೆ:
ಕಾಕಾ, ಧೋತರ ಹರವಿ ನೋಡಿದೆ! ಮಾವನವರ ಮುಖದ ಎರಡೂ ಕಡೆ ಕಾಣುತ್ತಿದೆ, ಬೆರಳುಗಳೂ ಸ್ಪಷ್ಟ ಬಂದಿವೆ. ಅತ್ತೆ ಆ ಫೋಟೋ ಪ್ರಿಂಟ್ ಹಾಕಿಸು ಅಂತಿದ್ದಾರೆ. ಕೋರ್ಸಿನವರಿಗೂ ಫೋನ್ ಮಾಡಿದೆ. ಫೋಟೋ ನೋಡಿ ಹೇಳೋರು ಯಾರೂ ಇಲ್ಲವಂತೆ, ರೆಕಾರ್ಡ್ ಮಾಡಿದ ವಿಡಿಯೊ ಮಾತ್ರ. ಸೇರಲ್ಲ. ಇನ್ನೊಂದು ಪ್ರಶ್ನೆ. ಮುಖ ಸ್ವಲ್ಪ ಹಳದಿ ಬರುತ್ತೆ, ಯಾಕೆ?

ಧಾರವಾಡ ಸ್ಟುಡಿಯೊ ಕಾಕಾ:
ಭಾಳ ಖುಷಿ ಆಯ್ತು ತಂಗಿ. ಮಗ್ಗದ ಮೇಲೆ ಹಳದಿ ಬಲ್ಬ್ ಉರಿಯುತ್ತಿರಬೇಕು. ಕಿಟಕಿಯ ಬೆಳಕಿನ ಬಣ್ಣ ಬೇರೆ, ಬಲ್ಬಿನದ್ದು ಬೇರೆ. ಎರಡೂ ಕೂಡಿದರೆ ಕ್ಯಾಮೆರಾಗೆ ಸರಿಯಾದ ಬಣ್ಣ ಸಿಗಲ್ಲ. ಫೋಟೋ ತೆಗೆಯೋವಾಗ ಬಲ್ಬ್ ಆರಿಸಿ, ವೈಟ್ ಬ್ಯಾಲೆನ್ಸ್ ಅನ್ನೋ ಬಣ್ಣ ಸರಿಮಾಡೋ ಸೆಟ್ಟಿಂಗನ್ನು ನೆರಳಿನ ಗುರುತಿಗೆ ಇಡಿ. ಇನ್ಮೇಲೆ ರಾ ಫೈಲಿನಲ್ಲೂ, ಅಂದರೆ ಕ್ಯಾಮೆರಾ ತಿದ್ದದೆ ಉಳಿಸೋ ಮೂಲ ಫೈಲಿನಲ್ಲೂ, ತೆಗೆದಿಡಿ. ಕಂಪ್ಯೂಟರಿನಲ್ಲಿ ಡಾರ್ಕ್‌ಟೇಬಲ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡರೆ ಬಣ್ಣ ಆಮೇಲೂ ತಿದ್ದಬಹುದು. ಮುಂದಿನ ಸಲ ಇಲ್ಲಿ ಫೋಟೋ ಹಾಕುವಾಗ ಶಟರ್, ಅಪರ್ಚರ್, ಐಎಸ್ಒ ಮೂರನ್ನೂ ಕೆಳಗೆ ಬರೆಯಿರಿ.